ಕ್ಯಾಮೆರಾ ನಿಮ್ಮತ್ತ ತಿರುಗಿದಾಗ: ಲಿಂಡನ್ ಜಾನ್ಸನ್ ಅವರಿಗೊಂದು ಬಹಿರಂಗ ಪತ್ರ

ಮಾನ್ಯ ಜಾನ್ಸನ್ ಅವರೇ,

ನೀವು ತೀರಿಕೊಂಡು ಐವತ್ತು ವರ್ಷದ ಮೇಲಾಯಿತು. ಆದರೂ ಈ ಪತ್ರವನ್ನು ನಿಮಗೇ ಬರೆಯಬೇಕು ಅನ್ನಿಸಿತು. 2025ರ ಜನವರಿ 4ರಂದು ನೀವು ಅಮೆರಿಕದ ಅಧ್ಯಕ್ಷರಾಗಿ ಇದ್ದ ಶ್ವೇತಭವನದಲ್ಲಿ, ಕಪ್ಪು ಜನರ ಮತದ ಹಕ್ಕಿಗಾಗಿ ಹೋರಾಡಿದ ಫ್ಯಾನಿ ಲೂ ಹೇಮರ್ ಅವರಿಗೆ ನಿಮ್ಮ ದೇಶದ ಅತಿದೊಡ್ಡ ನಾಗರಿಕ ಗೌರವವಾದ ಸ್ವಾತಂತ್ರ್ಯ ಪದಕ ಕೊಟ್ಟರು. ಕೈಚಾಚಿ ತೆಗೆದುಕೊಳ್ಳಲು ಆಕೆ ಇರಲಿಲ್ಲ. 1977ರ ಮಾರ್ಚ್ 14ರಂದೇ ಕಣ್ಣು ಮುಚ್ಚಿದ್ದರು. ಆ ಹೆಸರನ್ನು ನೀವು ಮರೆತಿರಲಾರಿರಿ. ಆಕೆಯ ಮಾತು ದೇಶದ ಕಿವಿಗೆ ಬೀಳಬಾರದೆಂದು ಒಂದು ದಿನ ದಿಢೀರನೆ ಪತ್ರಿಕಾಗೋಷ್ಠಿ ಕರೆದವರು ನೀವೇ.

ಅದು 1964ರ ಆಗಸ್ಟ್ 22. ಅಟ್ಲಾಂಟಿಕ್ ಸಿಟಿಯಲ್ಲಿ ನಿಮ್ಮ ಡೆಮಾಕ್ರಟಿಕ್ ಪಕ್ಷದ ಸಮಾವೇಶ. ಮಿಸಿಸಿಪಿ ರಾಜ್ಯದ ಅಧಿಕೃತ ತಂಡದಲ್ಲಿ ಇದ್ದವರೆಲ್ಲ ಬಿಳಿಯರು. ಆ ತಂಡ ನಮ್ಮನ್ನು ಪ್ರತಿನಿಧಿಸುವುದಿಲ್ಲ, ಆ ಜಾಗ ನಮ್ಮದು ಎಂದು ಹೇಳಲು ಮಿಸಿಸಿಪಿ ಫ್ರೀಡಂ ಡೆಮಾಕ್ರಟಿಕ್ ಪಕ್ಷದ 68 ಮಂದಿ ಬಂದಿದ್ದರು. ಪ್ರತಿನಿಧಿಗಳ ಅರ್ಹತೆ ನೋಡುವ ಸಮಿತಿಯ ಮುಂದೆ ಹೇಮರ್ ಕೂತರು. ಹತ್ತಿಹೊಲದ ಹೆಂಗಸು, 46 ವರ್ಷ. ಮೊದಲು ತಮ್ಮ ಹೆಸರು ಹೇಳಿದರು, ಆಮೇಲೆ ಮನೆ ನಂಬರು, ಬೀದಿ, ಊರು ಸಮೇತ ವಿಳಾಸ ಹೇಳಿದರು. ಕೊಲ್ಲಲು ಕಾದವರು ಇದ್ದ ಊರಿನ ಹೆಣ್ಣುಮಗಳು ಟಿವಿ ಕ್ಯಾಮೆರಾದ ಎದುರು ತನ್ನ ಮನೆಯ ಗುರುತು ಹೇಳಿದ ಆ ಗಳಿಗೆಯನ್ನು ನಾನು ಎಷ್ಟು ಸಲ ಕೇಳಿದ್ದೇನೋ. ಪ್ರತಿ ಸಲವೂ ಅಲ್ಲಿ ಒಂದು ಕ್ಷಣ ನಿಲ್ಲಿಸಿಯೇ ಮುಂದೆ ಹೋಗುತ್ತೇನೆ.

ಅಷ್ಟರಲ್ಲಿ ಕ್ಯಾಮೆರಾ ನಿಮ್ಮತ್ತ ತಿರುಗಿತು. ದೊಡ್ಡ ಘೋಷಣೆಯೊಂದು ಬರುತ್ತದೆಂದು ಪತ್ರಕರ್ತರು ಕಾದರು. ನೀವು ಅಧ್ಯಕ್ಷ ಕೆನಡಿ ಅವರ ಹತ್ಯೆಯಾಗಿ 9 ತಿಂಗಳಾದುದನ್ನು ನೆನಪಿಸಿದಿರಿ. ದೇಶ ಆ ಹೊತ್ತಿನಲ್ಲಿ ಏನನ್ನು ಕೇಳದೆ ಹೋಯಿತು ಎಂಬುದನ್ನು ನಿಮ್ಮ ಮುಂದೆ ಹೇಳಲೇಬೇಕಾಗಿದೆ.

ಆಕೆ ಕೋರಿಗೆ ಹೊಲ ಮಾಡುವವರ ಮನೆಯ ಇಪ್ಪತ್ತನೆಯ ಮಗು. ಆರನೆಯ ವಯಸ್ಸಿಗೇ ಹತ್ತಿ ಬಿಡಿಸಲು ಹೋದವರು. ಕಪ್ಪು ಜನಕ್ಕೂ ಮತದ ಹಕ್ಕಿದೆ ಎಂಬ ಸಂಗತಿ ಆಕೆಗೆ ಗೊತ್ತಾದದ್ದೇ 1962ರಲ್ಲಿ. ಆ ವರ್ಷ ಆಗಸ್ಟ್ 31ರಂದು ಮತದಾರರಾಗಿ ಹೆಸರು ನೋಂದಾಯಿಸಲು ಆಕೆಯೂ ಸೇರಿ ಒಟ್ಟು 18 ಮಂದಿ ಬಸ್ಸು ಹಿಡಿದು ಇಂಡಿಯನೋಲಾಕ್ಕೆ ಹೋದರು. ಅಲ್ಲಿ ಮಿಸಿಸಿಪಿ ಸಂವಿಧಾನದ ಒಂದು ಕಲಮನ್ನು ಬರೆದು ಅದರ ಅರ್ಥ ವಿವರಿಸಬೇಕಿತ್ತು. ಅರ್ಥ ಸರಿಯೋ ತಪ್ಪೋ ಎಂದು ತೀರ್ಮಾನಿಸುವವನು ಬಿಳಿಯ ಗುಮಾಸ್ತ. ನಮ್ಮ ದೇಶದ ಮೊದಲ ಚುನಾವಣೆ, 1951–52ರಲ್ಲಿ, ಸಹಿ ಹಾಕಲು ಬಾರದ ಹೆಂಗಸರು ಪೆಟ್ಟಿಗೆಯ ಮೇಲಿನ ಚಿಹ್ನೆ ನೋಡಿ ಚೀಟಿ ಹಾಕಿ ಬಂದಿದ್ದರು. ಹತ್ತು ವರ್ಷದ ನಂತರ ನಿಮ್ಮ ನಾಡಿನಲ್ಲಿ ಇಂಥ ಪರೀಕ್ಷೆ ಇತ್ತೆಂಬುದು ನನಗೆ ಇಂದಿಗೂ ನುಂಗಲಾಗದ ತುತ್ತು. ಹಿಂತಿರುಗುವಾಗ ಪೊಲೀಸರು ಬಸ್ಸು ತಡೆದರು. ಬಸ್ಸಿನ ಹಳದಿ ಬಣ್ಣ ಹೆಚ್ಚಾಯಿತೆಂದು ಚಾಲಕನಿಗೆ ದಂಡ ಹಾಕಿದರು. ಅಂದು ರಾತ್ರಿಯೇ ತೋಟದ ಒಡೆಯ ಆಕೆಯನ್ನು ಹೊರಹಾಕಿದ. 18 ವರ್ಷ ದುಡಿದ ಜಾಗ ಅದು. ಸೆಪ್ಟೆಂಬರ್ 10ರಂದು, ಆಕೆ ತಂಗಿದ್ದಾರೆಂದುಕೊಂಡು, ಒಂದು ಮನೆಗೆ 16 ಗುಂಡು ಹಾರಿಸಿದರು. ಆಕೆ ಅಲ್ಲಿರಲಿಲ್ಲ.

ಬಿಡಲಿಲ್ಲ ಆಕೆ. ಪರೀಕ್ಷೆಗೆ ಮತ್ತೆ ಮತ್ತೆ ಹೋಗಿ 1963ರ ಜನವರಿಯಲ್ಲಿ ತೇರ್ಗಡೆಯಾದರು. ಆಗ ಅಧಿಕಾರಿಗಳು ಮತದಾನದ ತೆರಿಗೆಯ ರಸೀದಿ ಎಲ್ಲಿ ಎಂದು ಕೇಳಿದರು.

ಅದೇ ವರ್ಷ ಜೂನ್ 9. ಮತದಾರರ ನೋಂದಣಿಯ ತರಬೇತಿ ಮುಗಿಸಿ ಬಸ್ಸಿನಲ್ಲಿ ಬರುತ್ತಿದ್ದ ಆಕೆಯನ್ನೂ ಜೊತೆಯವರನ್ನೂ ವಿನೋನಾದಲ್ಲಿ ಇಳಿಸಿ ಜೈಲಿಗೆ ದೂಡಿದರು. ಪೊಲೀಸರು ಇಬ್ಬರು ಕಪ್ಪು ಕೈದಿಗಳ ಕೈಗೆ ದೊಣ್ಣೆ ಕೊಟ್ಟು, ಹೊಡೆಯದಿದ್ದರೆ ನಿಮಗೇ ಬೀಳುತ್ತದೆಂದು ಹೆದರಿಸಿ ಆಕೆಯನ್ನು ಬಡಿಸಿದರು. ಮೂತ್ರಪಿಂಡ ಹಾಳಾಯಿತು, ಕಣ್ಣಿಗೂ ಪೆಟ್ಟಾಯಿತು. ಬದುಕಿಡೀ ಆ ನೋವು ಹೊತ್ತರು. ಆ ಪೊಲೀಸರನ್ನು ಡಿಸೆಂಬರ್‌ನಲ್ಲಿ ಬಿಳಿಯರೇ ತುಂಬಿದ್ದ ಜ್ಯೂರಿ ಬಿಡುಗಡೆ ಮಾಡಿತು. ಅಟ್ಲಾಂಟಿಕ್ ಸಿಟಿಯಲ್ಲಿ ಆಕೆ ಇದನ್ನೆಲ್ಲ ಅಳುಕದೆ ಹೇಳಿ, ಇದೇನಾ ಅಮೆರಿಕ ಎಂದು ಕೇಳಿದರು. ಕ್ಯಾಮೆರಾ ತಿರುಗಿಸಿದರೂ ಪ್ರಯೋಜನವಾಗಲಿಲ್ಲ. ಸಂಜೆಯ ಸುದ್ದಿಯಲ್ಲಿ ವಾಹಿನಿಗಳು ಆ ಮಾತನ್ನು ಮತ್ತೆ ಹಾಕಿದವು. ನಿಮ್ಮ ಗೋಷ್ಠಿಯನ್ನು ಯಾರೂ ನೆನಪಿಡಲಿಲ್ಲ.

ನಿಮಗೆ ಹೆದರಿಕೆ ಇತ್ತು, ಅದೂ ಗೊತ್ತು. ದಕ್ಷಿಣದ ರಾಜ್ಯಗಳು ಕೈಬಿಟ್ಟರೆ ಚುನಾವಣೆ ಸೋಲಬಹುದೆಂಬ ಲೆಕ್ಕ. ನಾಗರಿಕ ಹಕ್ಕುಗಳ ಕಾಯ್ದೆಗೆ ನೀವು ಆ ಸಮಾವೇಶಕ್ಕೆ ಏಳು ವಾರ ಮೊದಲು, ಜುಲೈ 2ರಂದು ಸಹಿ ಹಾಕಿದ್ದಿರಿ. 1965ರ ಆಗಸ್ಟ್ 6ರಂದು ಮತದಾನದ ಹಕ್ಕಿನ ಕಾಯ್ದೆಗೂ ಹಾಕಿದಿರಿ. ಆ ಕಾಯ್ದೆಗಾಗಿ ನಿಮಗೆ ನನ್ನ ಕೃತಜ್ಞತೆ ಇದೆ. ಆದರೆ ಅದು ಯಾಕೆ ಬೇಕು ಎಂದು ತೋರಿಸಿದ ಮೈ ಆಕೆಯದು, ನಿಮ್ಮದಲ್ಲ. ಆಕೆಯ ತಂಡಕ್ಕೆ ಕೊನೆಗೆ ಎರಡೇ ಎರಡು ಜಾಗ ಕೊಡುತ್ತೇವೆ ಎಂದಿರಿ. ಯಾರು ಕೂರಬೇಕೆಂದೂ ನಿಮ್ಮವರೇ ಆರಿಸಿದರು, ಹೇಮರ್ ಆ ಪಟ್ಟಿಯಲ್ಲಿರಲಿಲ್ಲ. ಎರಡು ಜಾಗಕ್ಕಾಗಿ ಇಷ್ಟು ದೂರ ಬರಲಿಲ್ಲ ಎಂದು ಆಕೆ ಎದ್ದರು. ನನ್ನ ಮಟ್ಟಿಗೆ ಆಕೆಯ ಅತಿದೊಡ್ಡ ಧೈರ್ಯ ಅದು, ಜೈಲಿನದ್ದಕ್ಕಿಂತ ಹೆಚ್ಚಿನದು. ಹೊಡೆತಕ್ಕೆ ಬಗ್ಗದವರು ಹಲವರಿದ್ದಾರೆ. ಹಿತೈಷಿಗಳು ಸಾಕು ಅಂದಾಗ ಸಾಲದು ಎನ್ನುವುದು ಬೇರೆ ಮಾತು. 1968ರಲ್ಲಿ ಷಿಕಾಗೋದ ಸಮಾವೇಶದಲ್ಲಿ ಆಕೆಗೆ ಜಾಗ ಸಿಕ್ಕಿತು, ಸಭೆ ಎದ್ದುನಿಂತು ಚಪ್ಪಾಳೆ ಹೊಡೆಯಿತು.

ಪದಕದ ಮಾತು ಬಂದಾಗಲೆಲ್ಲ ನನಗೆ ಹಂದಿಗಳ ನೆನಪಾಗುತ್ತದೆ. ಮತ ಬಂದರೂ ಒಲೆ ಉರಿಯಬೇಕಲ್ಲ. 1969ರಲ್ಲಿ ಆಕೆ ಫ್ರೀಡಂ ಫಾರ್ಮ್ ಎಂಬ ಸಹಕಾರಿ ಬೇಸಾಯ ಕಟ್ಟಿದರು. ಹಂದಿ ಬ್ಯಾಂಕನ್ನೂ ಮಾಡಿದರು. ಗಬ್ಬವಾದ ಹಂದಿಯನ್ನು ಒಂದು ಬಡ ಮನೆಗೆ ಕೊಡುವುದು, ಮರಿ ಹಾಕಿದ ಮೇಲೆ ಅವರು ಎರಡು ಮರಿ ಬ್ಯಾಂಕಿಗೆ ಹಿಂತಿರುಗಿಸುವುದು. ಹಸಿದವರ ಕೈಯಲ್ಲಿ ಹೊಲ, ಮಾಂಸ, ತರಕಾರಿ ಇದ್ದರೆ ಯಾವ ಒಡೆಯನೂ ಮತಕ್ಕೆ ಬೆದರಿಕೆ ಹಾಕಲಾರ ಎಂಬುದು ಒಡೆಯನಿಂದ ಹೊರಹಾಕಿಸಿಕೊಂಡ ಆಕೆಯ ತಿಳಿವಳಿಕೆ. ದುಡ್ಡು ಸಾಲದೆ ಆ ಸಹಕಾರಿ ನಿಂತುಹೋಯಿತು. ಬದುಕಿರುವಾಗಲೇ ಯಾರಾದರೂ ಆಕೆಯನ್ನು ಗೌರವಿಸಬೇಕೆಂದಿದ್ದರೆ ಆ ಹೊಲವನ್ನು ಉಳಿಸಿಕೊಡಬಹುದಿತ್ತು. ಆಕೆ ಕಡೆಯವರೆಗೂ ಬಡವರಾಗಿಯೇ ಇದ್ದರು.

ಈ ಪತ್ರ ನಿಮ್ಮ ಹೆಸರಿಗಿದೆ, ಆದರೆ ಕಳಿಸಲು ನನ್ನ ಬಳಿ ಒಂದೇ ವಿಳಾಸವಿದೆ. ಅಂದು ಆಕೆ ಮೈಕಿನ ಮುಂದೆ ಹೇಳಿದ್ದು. ಅದಕ್ಕೇ ಅಂಚೆಗೆ ಹಾಕುತ್ತೇನೆ. ಆಕೆಯ ಊರಾದ ರೂಲ್‌ವಿಲ್‌ನ ಅಂಚೆ ಕಚೇರಿಗೆ ಈಗ ಆಕೆಯದೇ ಹೆಸರು.

ಇತಿ,
ಕರ್ನಾಟಕದ ಒಬ್ಬ ಮತದಾರಳು