ಬಂದು ನೋಡಿದ್ದಕ್ಕೂ ಕೂಲಿ

ನಲ್ಲಿ ರಿಪೇರಿಯವನು ಇವತ್ತೂ ಬರಲಿಲ್ವಾ ಅಕ್ಕಾ? ಗೇಟು ಸದ್ದಾದಾಗೆಲ್ಲ ನೀವು ಬಾಗಿಲಿಗೆ ಬಂದು ನೋಡಿ ಹೋಗ್ತಿದ್ರಿ, ಆಗಲೇ ಅಂದುಕೊಂಡೆ. ಹತ್ತು ಗಂಟೆಗೆ ಬರ್ತೀನಿ ಅಂದಿರ್ತಾನೆ. ಹನ್ನೊಂದಕ್ಕೆ ಫೋನ್ ಮಾಡಿದ್ರೆ ‘ದಾರೀಲಿದ್ದೀನಿ ಅಮ್ಮ’. ಊಟದ ಹೊತ್ತು ದಾಟಿದ ಮೇಲೆ ರಿಂಗ್ ಆಗುತ್ತೆ, ಎತ್ತೋದಿಲ್ಲ. ನಲ್ಲಿ ಸೋರೋದನ್ನಾದ್ರೂ ಸಹಿಸಬಹುದು, ಕೆಳಗೊಂದು ಬಕೆಟ್ ಇಟ್ಟರಾಯಿತು. ಈ ಕಾಯೋದಿದೆಯಲ್ಲ, ಅದನ್ನ ಸಹಿಸೋಕಾಗಲ್ಲ. ಬ್ಯಾಂಕಿಗೆ ಹೋಗೋ ಹಾಗಿಲ್ಲ. ಸ್ನಾನಕ್ಕೆ ಹೋಗೋಕೂ ಯೋಚನೆ, ಆ ಹೊತ್ತಿಗೇ ಬಂದು ಬೆಲ್ ಮಾಡಿ ವಾಪಸ್ ಹೋದ್ರೆ ಅಂತ. ಹೀಗೆ ಹಾಳಾಗೋ ದಿನವೆಲ್ಲ ಮನೆ ಹೆಂಗಸರದ್ದೇ. ಅಷ್ಟು ಕಾದ ಮೇಲೆ ಬಂದ ಅಂತಿಟ್ಟುಕೊಳ್ಳಿ, ಬಾಗಿಲಲ್ಲೇ ನಿಂತು ‘ಸಾರ್ ಇಲ್ವಾ?’ ಅಂತಾನೆ. ಯಾವ ನಲ್ಲಿ ಯಾವಾಗಿಂದ ಹೇಗೆ ಸೋರ್ತಿದೆ ಅಂತ ಗೊತ್ತಿರೋದು ನಮಗೆ. ಅವನು ಮಾತಾಡೋದು ಆಫೀಸಿನಲ್ಲಿರೋ ಯಜಮಾನರ ಜೊತೆ, ಅದೂ ಫೋನಿನಲ್ಲಿ. ನನಗಂತೂ ಇದರಿಂದ ತುಂಬಾ ಕೋಪ ಬರುತ್ತೆ.

ನಮ್ಮ ಬಚ್ಚಲಮನೆ ಗೋಡೆ ವಿಷಯ ನಿಮಗೆ ಗೊತ್ತಲ್ಲ. ಈ ಕಡೆ ಮಲಗೋ ಕೋಣೆಯ ಗೋಡೆ ಬುಡ ತೇವ ಹಿಡಿದು, ಬಣ್ಣ ಪದರ ಪದರ ಎದ್ದು, ಬಿಳೀ ಉಪ್ಪಿನ ಹಾಗೆ ಪುಡಿ ಉದುರ್ತಿತ್ತು. ಒಬ್ಬ ಬಂದ, ಬಾಗಿಲಲ್ಲೇ ನಿಂತು ಗೋಡೆಗೆ ಬೆರಳಿನ ಗೆಣ್ಣಿಂದ ಎರಡು ಸಲ ಬಡಿದ. ‘ಪೂರ್ತಿ ಟೈಲ್ಸ್ ಒಡೆದು ವಾಟರ್‌ಪ್ರೂಫಿಂಗ್ ಮಾಡ್ಬೇಕು’ ಅಂತ ಹೇಳಿ ದೊಡ್ಡ ಮೊತ್ತದ ಎಸ್ಟಿಮೇಟ್ ಕೊಟ್ಟು ಹೋದ. ಇನ್ನೊಬ್ಬ, ಹಳೇ ಕಬ್ಬಿಣದ ಪೈಪು ತುಕ್ಕು ಹಿಡಿದಿದೆ, ಎಲ್ಲ ಕಿತ್ತು ಸಿಪಿವಿಸಿ ಹಾಕಿಸಿ ಅಂದ. ಮತ್ತೊಬ್ಬ, ಹೊರಗೋಡೆಗೆ ಕೆಮಿಕಲ್ ಬಳಿದರೆ ಸಾಕು ಅಂದ. ಇರೋದು ಒಂದೇ ಗೋಡೆ, ಒಬ್ಬೊಬ್ಬರು ಒಂದೊಂದು ರೋಗ ಹೇಳ್ತಾರೆ. ನೀರು ಎಲ್ಲಿಂದ ಬರ್ತಿದೆ ಅಂತ ಒಬ್ಬರೂ ಹುಡುಕಲಿಲ್ಲ.

ಕೊನೆಗೆ ಹಾರ್ಡ್‌ವೇರ್ ಅಂಗಡಿಯವರು ಒಬ್ಬ ವಯಸ್ಸಾದ ಮೇಸ್ತ್ರೀನ ಕಳಿಸಿಕೊಟ್ಟರು. ಅವರು ಬಂದವರೇ ಮೊದಲು ನನ್ನನ್ನೇ ಕೂರಿಸಿಕೊಂಡು ಕೇಳಿದರು. ನೀವು ಊರಿಗೆ ಹೋಗಿ ಬಂದಾಗ ಗೋಡೆ ಒಣಗಿರುತ್ತಾ? ಸ್ನಾನ ಆದ ಮೇಲೆ ತೇವ ಜಾಸ್ತಿಯಾಗುತ್ತಾ? ಆಮೇಲೆ, ‘ಇವತ್ತು ಏನೂ ಒಡೆಯಲ್ಲ. ರಾತ್ರಿ ಎಲ್ಲ ನಲ್ಲಿ ನಿಲ್ಲಿಸಿದ ಮೇಲೆ ಮೇಲಿನ ಟ್ಯಾಂಕಿಗೆ ಒಂದು ಕೋಲು ಇಳಿಸಿ ನೀರು ಎಲ್ಲೀವರೆಗಿದೆ ಅಂತ ಗುರುತು ಮಾಡಿಡಿ, ಬೆಳಿಗ್ಗೆ ನೋಡಿ ಹೇಳಿ’ ಅಂದರು. ಬೆಳಿಗ್ಗೆ ನೀರು ಗುರುತಿನಷ್ಟೇ ಇತ್ತು. ಅಂದರೆ ಒತ್ತಡದಲ್ಲಿರೋ ಪೈಪು ಸೋರ್ತಿಲ್ಲ, ಬಳಸಿ ಚೆಲ್ಲಿದ ನೀರೇ ಎಲ್ಲೋ ಇಳೀತಿದೆ ಅಂತ ಅರ್ಥ. ಆಮೇಲೆ ಬಂದು ನೋಡಿದಾಗ ಬಚ್ಚಲ ನೀರು ಹೊರಗೆ ಹೋಗೋ ನಹಾನಿ ಟ್ರ್ಯಾಪಿನ ಸುತ್ತ ಹಾಕಿದ್ದ ಸಿಮೆಂಟು ಬಿಟ್ಟುಕೊಂಡಿತ್ತು, ಅಲ್ಲಿಂದ ನೀರು ಟೈಲ್ಸ್ ಅಡಿಗೆ ಹೋಗ್ತಿತ್ತು. ಅಷ್ಟು ಜಾಗ ಮಾತ್ರ ಬಿಡಿಸಿ, ಟ್ರ್ಯಾಪ್ ಕೂರಿಸಿ, ರಸಮಟ್ಟ ಇಟ್ಟು ನೋಡಿ ವಾಟ ಸರಿಮಾಡಿದರು. ಹೊಸ ಗಾರೆ ಒಣಗಬಾರದು, ಒದ್ದೆಬಟ್ಟೆ ಹಾಕಿಡಿ ಅಂತ ಹೇಳಿದ್ದಲ್ಲದೆ, ಹಾಕಿದೀವಾ ಇಲ್ವಾ ಅಂತ ಮರುದಿನ ಸೈಕಲ್ಲಲ್ಲಿ ಬಂದು ನೋಡಿಕೊಂಡು ಹೋದರು. ಈಗ ಗೋಡೆ ಒಣಗಿದೆ, ಬನ್ನಿ ಬೇಕಾದರೆ ತೋರಿಸ್ತೀನಿ.

ಮೊದಲ ದಿನ ಅವರು ಹೊರಟಾಗ ಯಜಮಾನರು ದುಡ್ಡು ಕೊಡೋಕೆ ಹೋದರೆ ‘ಇನ್ನೂ ಏನೂ ಮಾಡಿಲ್ವಲ್ಲ ಸ್ವಾಮಿ’ ಅಂತ ಕೈ ಹಿಂದಕ್ಕೆ ತಗೊಂಡರು. ನನಗೆ ಆ ಮಾತು ಮನಸ್ಸಲ್ಲೇ ಉಳಿದುಬಿಟ್ಟಿದೆ ಅಕ್ಕಾ. ನಿಜವಾದ ಕೆಲಸ ನಡೆದದ್ದೇ ಆ ದಿನ. ಒಡೆದು ಕಟ್ಟೋದನ್ನ ಯಾರು ಬೇಕಾದರೂ ಮಾಡಿಯಾರು, ಎಲ್ಲಿ ಒಡೀಬೇಕು ಅಂತ ತಿಳಿಯೋಕೆ ಆಯುಷ್ಯವೆಲ್ಲ ಬೇಕು. ಅದಕ್ಕೆ ಕೂಲಿ ಕೊಡೋ ಅಭ್ಯಾಸವೇ ನಮ್ಮಲ್ಲಿಲ್ಲ. ಡಾಕ್ಟರು ನೋಡಿ ಏನೂ ಇಲ್ಲ ಅಂದರೂ ಫೀಸು ಕೊಟ್ಟು ಬರ್ತೀವಿ. ಮೇಸ್ತ್ರಿ ನೋಡಿದ್ದಕ್ಕೆ ಒಂದು ಲೋಟ ಕಾಫಿ. ಹಾಗಾಗಿಯೇ ಬಂದವನು ಬರಿಗೈಲಿ ಹೋಗಬಾರದು ಅಂತ ಪೂರ್ತಿ ಟೈಲ್ಸ್ ಒಡೆಯೋ ಮಾತಾಡ್ತಾನೆ. ಒಡೆದರೆ ತಾನೇ ಅವನಿಗೆ ದುಡ್ಡು?

ನಿಮ್ಮ ನಲ್ಲಿಯವನದ್ದೂ ಇದೇ ಲೆಕ್ಕ ಇರಬೇಕು. ರಿಂಗ್ ರೋಡಿನ ಆಚೆ ಅಪಾರ್ಟ್‌ಮೆಂಟ್ ಎದ್ದರೆ ತಿಂಗಳುಗಟ್ಟಲೆ ಒಂದೇ ಕಡೆ ಕೆಲಸ, ವಾರ ವಾರ ಬಟವಾಡೆ. ನಮ್ಮ ಮನೆ ವಾಷರ್ ಬದಲಾಯಿಸೋಕೆ ಅವನು ಒಮ್ಮೆ ಬಂದು ನೋಡಬೇಕು, ಸಾಮಾನಿಗೆ ಅಂಗಡಿಗೆ ಹೋಗಬೇಕು, ಅಳತೆ ಕೂಡದಿದ್ದರೆ ಮತ್ತೆ ಹೋಗಬೇಕು. ಅರ್ಧ ದಿನ ಹೋಯಿತು. ಕೊನೆಗೆ ನಾವು ‘ಒಂದು ವಾಷರಿಗೆ ಇಷ್ಟಾ?’ ಅಂತೀವಿ. ಪರಿಚಯದ ಮನೆ, ಬರಲ್ಲ ಅನ್ನೋಕೆ ಬಾಯಿ ಬರಲ್ಲ, ಬಂದರೆ ಗಿಟ್ಟಲ್ಲ. ಹಾಗಂತ ಸುಳ್ಳು ಹೇಳಿ ಕಾಯಿಸೋದನ್ನ ನಾನು ಒಪ್ಪಲ್ಲ. ಆಗಲ್ಲ ಅಂತ ಒಂದು ಮಾತು ಹೇಳಿದರೆ ಬೇರೆಯವರನ್ನ ನೋಡಿಕೊಳ್ತೀವಿ. ಅಷ್ಟು ಮರ್ಯಾದೆ ಅವನು ನಮಗೆ ಕೊಡಲೇಬೇಕು.

ಕೆಲಸ ಕಲಿಯೋ ದಾರಿನೂ ಕಷ್ಟವೇ ಬಿಡಿ. ಐಟಿಐನಲ್ಲಿ ಪ್ಲಂಬರ್ ಕೋರ್ಸು ಒಂದು ವರ್ಷ, ಎಲೆಕ್ಟ್ರಿಷಿಯನ್ ಎರಡು ವರ್ಷ. ಓದಿ ಮುಗಿಸಿದ ಹುಡುಗರಿಗೆ ಕಾರ್ಖಾನೇಲಿ ಅಪ್ರೆಂಟಿಸ್ ಸಿಕ್ಕರೆ ಮನೆ ಮನೆ ರಿಪೇರಿಗೆ ಯಾಕೆ ಬರ್ತಾರೆ? 2023ರಲ್ಲಿ ಕೇಂದ್ರ ಸರ್ಕಾರ ವಿಶ್ವಕರ್ಮ ಯೋಜನೆ ತಂತಲ್ಲ, ತರಬೇತಿ, ಸಲಕರಣೆಗೆ 15,000 ರೂಪಾಯಿ ಎಲ್ಲ ಇದೆ. ಅದರ 18 ಕಸುಬುಗಳಲ್ಲಿ ಬಡಗಿ ಇದ್ದಾರೆ, ಗಾರೆಯವರಿದ್ದಾರೆ, ಬೀಗ ಮಾಡೋರೂ ಇದ್ದಾರೆ. ಪ್ಲಂಬರ್ ಇಲ್ಲ, ಎಲೆಕ್ಟ್ರಿಷಿಯನ್ನೂ ಇಲ್ಲ. ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡು ಬೇಕಾದರೆ ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ದಾಖಲೆ ತೋರಿಸಬೇಕು. ಇವತ್ತು ನಿಮ್ಮ ಮನೆ, ನಾಳೆ ಇನ್ನೊಂದು ಬೀದಿ ಅಂತ ಓಡಾಡೋ ಮನುಷ್ಯ ಆ ದಾಖಲೆ ಒಟ್ಟುಮಾಡೋದು ಸುಲಭವಲ್ಲ. ಸಣ್ಣ ರಿಪೇರಿ ಮಾಡೋ ಕೈಗಳನ್ನ ಯಾರೂ ಲೆಕ್ಕಕ್ಕೇ ಹಿಡಿದಿಲ್ಲ ಅನ್ನಿಸುತ್ತೆ.

ಕರೆಂಟಿನ ಕೆಲಸದಲ್ಲಿ ಮಾತ್ರ ಸಿಕ್ಕಿದವರನ್ನ ಕರೆದು ಮಾಡಿಸಬೇಡಿ ಅಕ್ಕಾ, ಕೈ ಮುಗೀತೀನಿ. ನಲ್ಲಿ ಕೆಟ್ಟರೆ ನೆಲ ಒದ್ದೆ, ವೈರಿಂಗ್ ಕೆಟ್ಟರೆ ಪ್ರಾಣ. ಹೊಸ ಕನೆಕ್ಷನ್ ತಗೊಳ್ಳುವಾಗ ಲೈಸೆನ್ಸ್ ಇರೋ ಕಂಟ್ರಾಕ್ಟರರ ವರದಿ ಕೇಳ್ತಾರೆ. ಆಮೇಲೆ ಗೋಡೆ ಕೊರೆದು ಗೀಸರಿಗೆ ಪಾಯಿಂಟ್ ಎಳೆದರೆ ಯಾರೂ ಬಂದು ನೋಡಲ್ಲ. 3 ಕಿಲೋವ್ಯಾಟ್ ಗೀಸರ್ 13 ಆಂಪ್ ಎಳೆಯುತ್ತೆ, ಅದಕ್ಕೆ ಲೈಟಿನ 1 ಸ್ಕ್ವೇರ್ ಎಂಎಂ ವೈರು ಹಾಕಿ ಹೋದವರನ್ನ ನೋಡಿದ್ದೀನಿ. ವಿದ್ಯುತ್ ಪರಿವೀಕ್ಷಣಾಲಯದ ಪರ್ಮಿಟ್ ಇದೆಯಾ ಅಂತ ಕೇಳಿ, ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ. ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿ. ಕರೆಂಟು ಮನುಷ್ಯನ ಮೈಯಿಂದ ಭೂಮಿಗೆ ಹರಿದರೆ ಕ್ಷಣದಲ್ಲಿ ಲೈನ್ ಕಡಿದುಬಿಡುತ್ತೆ. ಬರೀ ಎಂಸಿಬಿ ಇದ್ದರೆ ವೈರು ಉಳಿಯುತ್ತೆ, ನಾವಲ್ಲ.

ಹೀಗೆ ಮಾಡೋಣ ನೋಡಿ. ನಿಮ್ಮ ನಲ್ಲಿ ಒಂದಕ್ಕೇ ಬಾ ಅಂದರೆ ಯಾರೂ ಬರಲ್ಲ. ನಮ್ಮ ಅಡುಗೆಮನೆ ಸಿಂಕಿನ ಪೈಪು ಸಡಿಲ ಆಗಿದೆ. ಎದುರುಮನೇಲಿ ಟ್ಯಾಂಕ್ ತುಂಬಿದರೂ ಫ್ಲೋಟ್ ವಾಲ್ವ್ ನಿಲ್ಲಲ್ಲ, ಬೆಳಗಿನ ಜಾವ ನೀರು ಸುರಿಯೋದು ನಿಮಗೂ ಕೇಳಿಸುತ್ತಲ್ಲ. ಎಲ್ಲ ಸೇರಿಸಿದರೆ ಒಂದು ದಿನದ ಕೆಲಸವಾಗುತ್ತೆ. ಆ ಮೇಸ್ತ್ರಿ ಜೊತೆ ಅವರ ಅಳಿಯ ಪ್ಲಂಬಿಂಗ್ ಮಾಡ್ತಾರಂತೆ, ಪೂರ್ತಿ ದಿನದ ಕೂಲಿ ಅಂದರೆ ಖಂಡಿತ ಬರ್ತಾರೆ. ಕೂಲಿ ಎಷ್ಟು ಅಂತ ಮೊದಲೇ ಕೇಳಿ ಒಪ್ಪಿಕೊಳ್ಳೋಣ, ಕೆಲಸ ಆದ ಮೇಲೆ ಚೌಕಾಸಿ ಬೇಡ. ಯಾವ ಮನೇಲಾದರೂ ನೋಡಿ ಸುಮ್ಮನೆ ಹೋಗಬೇಕಾಗಿ ಬಂದರೆ ನೋಡಿದ್ದಕ್ಕೂ ಕೊಡೋಣ. ಸಂಜೆ ಅವರಿಗೆ ಫೋನ್ ಮಾಡ್ತೀನಿ. ಅಷ್ಟರಲ್ಲಿ ನಿಮ್ಮ ಮನೇಲಿ ಏನೇನು ಕೆಟ್ಟಿದೆ ಅಂತ ಒಂದು ಚೀಟೀಲಿ ಬರೆದು ಕೊಡಿ ಅಕ್ಕಾ, ನಲ್ಲಿ ಅರ್ಧ ಇಂಚಿನದೋ ಮುಕ್ಕಾಲು ಇಂಚಿನದೋ ಅದನ್ನೂ ಬರೀರಿ, ವಾಷರ್ ಬರೋವಾಗಲೇ ತರ್ತಾರೆ.