ಜಗಲಿ-ಸತ್ಯ ಮೀಮಾಂಸೆ

ಸತ್ಯ ಎರಡು ಬಗೆ: ಒಳಕೋಣೆಯದು, ಜಗಲಿಯದು. 2025ರ ಸೆಪ್ಟೆಂಬರ್ 22ರಂದು ರಾಜ್ಯ ಹಿಂದುಳಿದ ವರ್ಗಗಳ ಆಯೋಗ ಆರಂಭಿಸಿದ ಮನೆಮನೆ ಸಮೀಕ್ಷೆಯ 60 ಪ್ರಶ್ನೆಗಳಿಗೆ ಸಿಕ್ಕಿದ್ದು ಎರಡನೆಯದು ಮಾತ್ರ ಎಂಬುದೇ ಇಲ್ಲಿನ ಪ್ರಮೇಯ. ಅಧ್ಯಯನ ಕ್ಷೇತ್ರ ಕೊಲ್ಲೂರು. ಮುಹೂರ್ತವಂತೂ ದಿವ್ಯ, ಅಂದೇ ನವರಾತ್ರಿ ಶುರು. ಮೂಕಾಂಬಿಕೆಯ ದೇವಸ್ಥಾನದಲ್ಲಿ ಕಾಲಿಡಲು ಜಾಗವಿಲ್ಲ, ಮನೆಯಲ್ಲಿ ಉತ್ತರಿಸಲು ಜನವಿಲ್ಲ. ಸರಸ್ವತಿ ಮಂಟಪದಲ್ಲಿ ಮಕ್ಕಳ ಬೆರಳು ಹಿಡಿದು ಅಕ್ಕಿಯ ಮೇಲೆ ಅಕ್ಷರ ಬರೆಸುವ ದಿನಗಳಲ್ಲಿ ಗಣತಿಗೆ ಬಂದ ಮೇಷ್ಟ್ರ ಕೈಯಲ್ಲಿ ಮೊಬೈಲ್, ಮೊಬೈಲಿನಲ್ಲಿ ಸಿಗದ ನೆಟ್‌ವರ್ಕ್.

ನಿದರ್ಶನ. "ಅಮ್ಮ, ಸಾಲ ಇದೆಯಾ?"

"ಹ್ವಾಯ್, ಮೊದ್ಲು ಕೂಕಣಿ. ಆಸ್ರಿಗೆ ಎಂತ ಬೇಕ್?"

ನೀರು, ಬೆಲ್ಲದ ತುಂಡು ಬರುತ್ತದೆ. ಮೇಷ್ಟ್ರು ಮತ್ತೆ ಕೇಳುತ್ತಾರೆ.

"ಸಾಲ ಯಾರಿಗಿಲ್ಲೆ ಮರ್ರೆ?"

ತತ್ತ್ವಶಾಸ್ತ್ರದ ದೃಷ್ಟಿಯಿಂದ ಇದಕ್ಕಿಂತ ಪರಿಪೂರ್ಣ ಉತ್ತರವಿಲ್ಲ. ಮೊಬೈಲಿಗೆ ಮಾತ್ರ ಹೌದು ಅಥವಾ ಇಲ್ಲ ಬೇಕು. ಚಿನ್ನದ ಮಾತೆತ್ತಿದರೆ ಎಂ.ಜಿ.ಆರ್. ದೇವಿಗೆ ಒಪ್ಪಿಸಿದ ಚಿನ್ನದ ಕತ್ತಿಯ ಕತೆ ಸವಿಸ್ತಾರವಾಗಿ ಬರುತ್ತದೆ. ಕಪಾಟಿನ ಬಳೆ ಬರುವುದಿಲ್ಲ. ಇದು ಹಳ್ಳಿಯವರ ಸಂಕೋಚ ಎನ್ನುವ ಪೂರ್ವಪಕ್ಷವನ್ನು ಇಲ್ಲೇ ಖಂಡಿಸಬೇಕು. ಕೋಳಿ, ಕುರಿ, ಚಿನ್ನದ ಲೆಕ್ಕವನ್ನೆಲ್ಲ ಕೇಳಬೇಡಿ ಎಂದು ಬೆಂಗಳೂರಿನಲ್ಲಿ ಗಣತಿದಾರರಿಗೆ ಹೇಳಿದವರು ಸಾಕ್ಷಾತ್ ಉಪಮುಖ್ಯಮಂತ್ರಿಗಳು. ಉತ್ತರ ಕಡ್ಡಾಯವಲ್ಲವೆಂದು ಹೈಕೋರ್ಟೂ ಹೇಳಿಯಾಗಿತ್ತು.

ಪರಿಹಾರ ಪಾಶ್ಚಾತ್ಯರಲ್ಲಿದೆ. 1965ರಲ್ಲಿ ಸ್ಟ್ಯಾನ್ಲಿ ವಾರ್ನರ್ ಎಂಬ ಸಂಖ್ಯಾಶಾಸ್ತ್ರಜ್ಞ, ಗುಟ್ಟನ್ನು ಅದೃಷ್ಟದಾಟದ ಮರೆಯಲ್ಲಿ ಕೇಳುವ ಉಪಾಯ ಹೂಡಿದ. ಮುಂದೆ ಬಂದ ಸರಳ ರೂಪ ಹೀಗೆ: "ಕುಡಿಯುತ್ತೀರಾ?" ಎಂದು ಕೇಳಿ ನಾಣ್ಯ ಚಿಮ್ಮಿಸಲು ಹೇಳಿ, ನೀವು ನೋಡಬೇಡಿ. ತಲೆ ಬಿದ್ದರೆ ಸುಮ್ಮನೆ ಹೌದು ಎನ್ನಬೇಕು. ಬಾಲ ಬಿದ್ದರೆ ನಿಜ ಹೇಳಬೇಕು. ನೂರು ಜನರಲ್ಲಿ ಸುಮಾರು ಐವತ್ತು ಹೌದು ನಾಣ್ಯದ್ದೇ. ಅರುವತ್ತು ಬಂದರೆ ಮಿಕ್ಕ ಐವತ್ತರಲ್ಲಿ ಹತ್ತು ಮಂದಿ, ಅಂದರೆ ನೂರಕ್ಕೆ ಇಪ್ಪತ್ತು, ಕುಡಿಯುವವರು. ಯಾರೆಂದು ಮಾತ್ರ ಬ್ರಹ್ಮನಿಗೂ ತಿಳಿಯದು.

ಕೊಲ್ಲೂರಿನಲ್ಲಿ ಈ ವಿಧಾನ ಮೂರು ಕಡೆ ಮುಗ್ಗರಿಸುತ್ತದೆ. ನಾಣ್ಯವನ್ನು ಅಜ್ಜಿ ಕಣ್ಣಿಗೊತ್ತಿಕೊಂಡು ಮುಡಿಪಿಗೆ ಸೇರಿಸುತ್ತಾರೆ. ತಲೆ ಬಿದ್ದರೂ ಕುಡಿಯದವನು ಮೂಕಾಂಬಿಕೆಯ ಊರಿನಲ್ಲಿ ಕೂತು ಸುಳ್ಳು ಹೌದು ಎನ್ನಲಾರ. ಬಾಲ ಬಿದ್ದರೂ ಕುಡಿಯುವವನು ಹೆಂಡತಿ ಬಾಗಿಲ ಹಿಂದೆ ನಿಂತಿರುವಾಗ ನಿಜವಾದ ಹೌದು ಎನ್ನಲಾರ. ಫಲಿತಾಂಶ: ಊರಿಗೆ ಊರೇ ಪಾನಮುಕ್ತ.

ಆದುದರಿಂದ ಪ್ರಬಂಧಕಾರನು ನೆರೆಮನೆ ವಿಧಾನವನ್ನು ಮಂಡಿಸುತ್ತಾನೆ. ಯಾರನ್ನೂ ಅವರ ಬಗ್ಗೆ ಕೇಳತಕ್ಕದ್ದಲ್ಲ, ಆಚೆಮನೆಯ ಬಗ್ಗೆ ಕೇಳತಕ್ಕದ್ದು. ಉತ್ತರ ಧಾರಾಕಾರ, ಸೌಪರ್ಣಿಕೆಗೂ ಮಳೆಗಾಲದಲ್ಲಷ್ಟೇ ಆ ರಭಸ. ದೋಷ ಒಂದೇ. ಆಚೆಮನೆಯವರ ಚಿನ್ನ ಇಮ್ಮಡಿಯಾಗುತ್ತದೆ, ಸಾಲ ಮಾಯವಾಗುತ್ತದೆ, ಕುಡಿತ ಬೆಳಗ್ಗೆಯೇ ಶುರುವಾಗುತ್ತದೆ. ಸೂಕ್ತ ಗುಣಾಂಕದಿಂದ ಭಾಗಿಸಿಕೊಂಡರಾಯಿತು.

ಕೊನೆಗೊಂದು ಉಪಲಬ್ಧಿ. ಮೇಷ್ಟ್ರು ಏಳುವ ಮುನ್ನ ಆ ಅಮ್ಮ ಪ್ರತಿಸಮೀಕ್ಷೆ ನಡೆಸುತ್ತಾರೆ: ಸಂಬಳ ಎಷ್ಟು, ಮನೆಸಾಲ ಮುಗಿಯಿತಾ, ಮಗಳಿಗೆ ಸಂಬಂಧ ಕೂಡಿ ಬಂತಾ. ಮೇಷ್ಟ್ರು ಎಲ್ಲಕ್ಕೂ ಪೈಸೆ ಬಿಡದೆ ಪ್ರಾಮಾಣಿಕ ಉತ್ತರ ಕೊಡುತ್ತಾರೆ. ಅದನ್ನು ತುಂಬಲು ಆ್ಯಪ್‌ನಲ್ಲಿ ಕಾಲಂ ಇಲ್ಲ.