ಕ್ಲೌಡಿಗೆ ಹೊರಟ ದಂಡು

2020ರ ಏಪ್ರಿಲ್‌ನಲ್ಲಿ ಲೋಕವೆಲ್ಲ ಮಾಸ್ಕು, ಸ್ಯಾನಿಟೈಸರು ಹುಡುಕುತ್ತಿದ್ದಾಗ ಅಮೆರಿಕದ ನ್ಯೂಜೆರ್ಸಿಯ ಗವರ್ನರ್ ಫಿಲ್ ಮರ್ಫಿ ಕೋಬಾಲ್ ಬಲ್ಲವರನ್ನು ಹುಡುಕುತ್ತಿದ್ದರು. ಕೆಲಸ ಕಳೆದುಕೊಂಡವರ ಅರ್ಜಿಗಳು ಒಮ್ಮೆಲೇ ನುಗ್ಗಿ, ನಿರುದ್ಯೋಗ ಭತ್ಯೆ ಹಂಚುವ ನಲವತ್ತು ದಾಟಿದ ಸಾಫ್ಟ್‌ವೇರು ಏದುಸಿರು ಬಿಡುತ್ತಿತ್ತು. ಅದರ ಭಾಷೆ ಕೋಬಾಲ್ ಹುಟ್ಟಿದ್ದು 1959ರಲ್ಲಿ. ಬಲ್ಲವರಲ್ಲಿ ಬಹಳಷ್ಟು ಮಂದಿ ಪೆನ್ಷನ್ ಎಣಿಸಿಕೊಂಡು ಮನೆಯಲ್ಲಿದ್ದರು. ಡಾಕ್ಟರು, ನರ್ಸುಗಳ ಜೊತೆಗೆ ಇವರೂ ಸ್ವಯಂಸೇವಕರಾಗಿ ಬರಲಿ ಎಂದು ಗವರ್ನರು ಪತ್ರಿಕಾಗೋಷ್ಠಿಯಲ್ಲೇ ಕೇಳಿಕೊಂಡರು. ಕೇಳುವ ಭರದಲ್ಲಿ ಬಾಯಿತಪ್ಪಿ ‘ಕೋಬಾಲ್ಟ್’ ಅಂದರು. ಅದೇ ವರ್ಷದ ಆಗಸ್ಟಿನಲ್ಲಿ ಬೆಂಗಳೂರಿನ ಇನ್ಫೋಸಿಸ್ ತನ್ನ ಕ್ಲೌಡ್ ಸೇವೆಗಳನ್ನೆಲ್ಲ ಒಂದೇ ಬೋರ್ಡಿನಡಿ ತಂದು ಹೆಸರಿಟ್ಟಿತು: ಕೋಬಾಲ್ಟ್! ಎರಡಕ್ಕೂ ಸಂಬಂಧವಿಲ್ಲ. ಆದರೂ ಗವರ್ನರರ ಕೂಗು ಎಲೆಕ್ಟ್ರಾನಿಕ್ ಸಿಟಿಗೆ ಮುಟ್ಟಿತು ಎಂದೇ ನಂಬಿಕೊಂಡಿರುವುದು ಈ ಲೇಖಕನಿಗೆ ಇಷ್ಟ.

ಲೇಖಕನ ಚಟವನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಬೇರೆಯವರು ಮಲಗುವ ಮುಂಚೆ ಪತ್ತೇದಾರಿ ಕಾದಂಬರಿ ಓದುತ್ತಾರೆ. ಇವನು ಸಾಫ್ಟ್‌ವೇರ್ ಮೈಗ್ರೇಷನ್ ಕೆಟ್ಟುಹೋದದ್ದರ ವಿಚಾರಣಾ ವರದಿಗಳನ್ನು ಓದುತ್ತಾನೆ. ಅಡಿಟಿಪ್ಪಣಿ ಸಮೇತ. ಮನೆಯವರು ಇದನ್ನು ನೆಂಟರಿಷ್ಟರಿಂದ ಮುಚ್ಚಿಟ್ಟಿದ್ದಾರೆ. ಕೊಲೆಗಾರ ಯಾರೆಂಬುದು ಮೊದಲ ಪುಟದಲ್ಲೇ ಗೊತ್ತಾಗುತ್ತದಲ್ಲ, ಅದರಲ್ಲೇನು ಮಜಾ ಎಂದು ಕೇಳಬಹುದು. ನಿಜ, ಕೊಲೆಗಾರನ ಹೆಸರು ‘ಗೋ-ಲೈವ್ ದಿನಾಂಕ’, ಅಂದರೆ ಹೊಸ ಸಿಸ್ಟಮು ಚಾಲೂ ಆಗಲೇಬೇಕಾದ ದಿನ. ಮಜಾ ಇರುವುದು ಕೊಲೆಗೆ ಜನ ಒಟ್ಟುಗೂಡಿಸಿದ ಪರಿಯಲ್ಲಿ.

ಹಳೆಯ ಸಾಫ್ಟ್‌ವೇರನ್ನು ಕ್ಲೌಡಿಗೆ ಸಾಗಿಸಲು ತಂಡ ಕಟ್ಟುವ ಕೆಲಸ ಪಿಪಿಟಿಯಿಂದ ಶುರುವಾಗುತ್ತದೆ. ಅದರಲ್ಲಿ ಏಳು ‘ಆರ್’ಗಳು ಇರಲೇಬೇಕು: ರೀಹೋಸ್ಟ್, ರೀಪ್ಲಾಟ್‌ಫಾರ್ಮ್, ರೀಫ್ಯಾಕ್ಟರ್ ಇತ್ಯಾದಿ. ಇದ್ದದ್ದನ್ನು ಇದ್ದ ಹಾಗೇ ಎತ್ತಿ ಒಯ್ಯುವುದು, ಸ್ವಲ್ಪ ತಿದ್ದಿ ಒಯ್ಯುವುದು, ಪೂರ್ತಿ ಒಡೆದು ಕಟ್ಟುವುದು, ಹೀಗೆ. ರಿಟೈರ್ ಎಂಬುದೂ ಏಳರಲ್ಲೊಂದು. ಅದನ್ನು ಹೇಳಿರುವುದು ಕೆಲಸಕ್ಕೆ ಬಾರದ ಸಾಫ್ಟ್‌ವೇರಿಗೆ. ಕಂಪನಿಗಳು ಪ್ರಯೋಗಿಸುವುದು ಆ ಸಾಫ್ಟ್‌ವೇರು ಬಲ್ಲವರ ಮೇಲೆ.

ಆಮೇಲೆ ಜನರ ಬೇಟೆ. ಕ್ಲೌಡ್ ಆರ್ಕಿಟೆಕ್ಟ್ ಬೇಕು, ಡೆವ್‌ಆಪ್ಸ್‌ನವರು ಬೇಕು, ಸೆಕ್ಯುರಿಟಿಯವರು ಬೇಕು, ಇವರೆಲ್ಲ ದಿನಾ ಬೆಳಿಗ್ಗೆ ಹದಿನೈದು ನಿಮಿಷ ನಿಂತುಕೊಂಡು ಮಾತಾಡುವಂತೆ ನೋಡಿಕೊಳ್ಳಲು ಒಬ್ಬ ಸ್ಕ್ರಮ್ ಮಾಸ್ಟರ್ ಬೇಕು. ಜಾಹೀರಾತಿನಲ್ಲಿ ‘ಇಮ್ಮಿಡಿಯೆಟ್ ಜಾಯ್ನರ್’ ಎಂದಿರುತ್ತದೆ. ಬಂದವನ ನೋಟಿಸ್ ಪೀರಿಯಡ್ ತೊಂಬತ್ತು ದಿನ. ಆ ತೊಂಬತ್ತು ದಿನಗಳಲ್ಲಿ ಅವನು ನಿಮ್ಮ ಆಫರ್ ಲೆಟರ್ ತೋರಿಸಿ ಇನ್ನೊಂದು ಕಡೆ ಹೆಚ್ಚು ಸಂಬಳ ಕೇಳಿ, ಅದನ್ನು ತೋರಿಸಿ ಮತ್ತೊಂದು ಕಡೆ ಕೇಳಿ, ಸೇರಬೇಕಾದ ದಿನ ಫೋನ್ ಸ್ವಿಚ್ ಆಫ್ ಮಾಡಿಕೊಂಡಿರುತ್ತಾನೆ. ಖಾಲಿ ಜಾಗಕ್ಕೆ, ಪ್ರಾಜೆಕ್ಟಿಲ್ಲದೆ ಕೂತವರ ಬೆಂಚಿನಿಂದ ನಾಲ್ವರು ಬರುತ್ತಾರೆ. ತಡವಾದ ಪ್ರಾಜೆಕ್ಟಿಗೆ ಜನ ಸುರಿದರೆ ಇನ್ನಷ್ಟು ತಡವಾಗುತ್ತದೆ ಎಂದು ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದಿಟ್ಟರು. ಐಬಿಎಂನ ಓಎಸ್/360 ಕಟ್ಟಿಸಿ ಏಗಿದವರು ಅವರು. ಪುಸ್ತಕ ಎಲ್ಲ ಮ್ಯಾನೇಜರರ ಕಪಾಟಿನಲ್ಲೂ ಇದೆ, ಧೂಳು ಕೂಡ ಕೂತಿಲ್ಲ, ಒರೆಸುವವರಿದ್ದಾರೆ.

ತಂಡದ ಪಟ್ಟಿಯ ಕಟ್ಟಕಡೆಯ ಸಾಲು: ‘ವಿಷಯ ಬಲ್ಲವರು – ಆಮೇಲೆ ನಿರ್ಧಾರ.’

ವಿಷಯ ಬಲ್ಲವರು ಅದೇ ಕಟ್ಟಡದ ಮೂಲೆಯಲ್ಲಿ, ಏಸಿ ಸರಿಯಾಗಿ ಬರದ ಜಾಗದಲ್ಲಿ ಕೂತಿರುತ್ತಾರೆ. ತೊಂಬತ್ತರ ದಶಕದಲ್ಲಿ ವೈಟುಕೆ ಭೂತಕ್ಕೆ ಹೆದರಿ ಪಡುವಣದ ಕಂಪನಿಗಳು ಎರಡಂಕಿಯ ಇಸವಿಯನ್ನು ನಾಲ್ಕಂಕಿ ಮಾಡಿಸಿಕೊಳ್ಳುತ್ತಿದ್ದಾಗ ಕೋಬಾಲ್ ಕಲಿತ ಬೆಂಗಳೂರಿನ ತಲೆಮಾರು ಅದು. ಈಗ ತಲೆ ನರೆತಿದೆ. ಮಾರ್ಚ್ 31ರ ರಾತ್ರಿ ಆ ಒಂದು ಜಾಬ್ ಎರಡು ಸಲ ಯಾಕೆ ಓಡುತ್ತದೆ, ಒಂದು ಶಾಖೆಗೆ ಮಾತ್ರ ಬಡ್ಡಿ ಲೆಕ್ಕ ಬೇರೆ ಯಾಕೆ, ಇವು ಅವರಿಗೆ ಗೊತ್ತು. ಯೋಜನೆ ಅರ್ಧ ಸಾಗಿದ ಮೇಲೆ ಅವರ ಹತ್ತಿರ ಒಬ್ಬ ಹುಡುಗ ಬರುತ್ತಾನೆ.

‘ಸರ್, ಇದಕ್ಕೆ ಡಾಕ್ಯುಮೆಂಟ್ ಇದೆಯಾ?’

‘ಇದೆಯಪ್ಪಾ. ನಾನೇ.’

‘ಶೇರ್ ಮಾಡ್ತೀರಾ ಸರ್?’

ಶೇರ್ ಮಾಡುವುದಕ್ಕೆ ಕೆ.ಟಿ., ಅಂದರೆ ನಾಲೆಡ್ಜ್ ಟ್ರಾನ್ಸ್‌ಫರ್ ಎಂದು ಹೆಸರು. ಎರಡು ವಾರ ಅವರು ಮಾತಾಡುತ್ತಾರೆ, ರೆಕಾರ್ಡಿಂಗ್ ಆಗುತ್ತದೆ, ಅದನ್ನು ಯಾರೂ ನೋಡುವುದಿಲ್ಲ. ಕೊನೆಯ ದಿನ ಕೇಕು, ಶಾಲು, ಗ್ರೂಪ್ ಫೋಟೋ.

ಈ ಲೇಖಕನ ಅಚ್ಚುಮೆಚ್ಚಿನ ವರದಿ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕಿನದು. ಲಾಯ್ಡ್ಸ್‌ನಿಂದ ಬೇರೆಯಾಗಿ 2015ರಲ್ಲಿ ಸ್ಪೇನಿನ ಸಬಾದೆಲ್ ಬ್ಯಾಂಕಿನ ಕೈಸೇರಿದ ಬ್ಯಾಂಕು ಅದು. ಹಳೇ ಮನೆಯ ಸಿಸ್ಟಮಿನಲ್ಲೇ ಬಾಡಿಗೆಗಿತ್ತು. ಹೊಸ ಮಾಲೀಕರ ವೇದಿಕೆಗೆ ಸಾಗಬೇಕಿತ್ತು. ಕಟ್ಟುವ ಗುತ್ತಿಗೆ ಸಬಾದೆಲ್‌ನದೇ ಐಟಿ ಅಂಗಸಂಸ್ಥೆ ಸಬಿಸ್‌ಗೆ; ಅದರ ಕೈಕೆಳಗೆ 85 ಉಪಗುತ್ತಿಗೆದಾರರು. ಇದು ಕ್ಲೌಡ್ ಅಲ್ಲ, ಡೇಟಾ ಸೆಂಟರು ಎಂದು ತಜ್ಞರು ತಕರಾರು ತೆಗೆಯಬಹುದು. ತೆಗೆಯಲಿ. ತಂಡ ಕಟ್ಟಿದ ಚಂದ ಒಂದೇ.

ಎರಡು ಡೇಟಾ ಸೆಂಟರ್ ಕಟ್ಟಿದ್ದರು. ಎರಡೂ ಕೂಡಿ ದುಡಿಯಬೇಕು, ಭಾರ ಹಂಚಿಕೊಳ್ಳಬೇಕು. ಭಾರ ತಾಳುತ್ತದೆಯೇ ಎಂಬ ಪರೀಕ್ಷೆಯನ್ನು ಒಂದರ ಮೇಲೆ ಮಾತ್ರ ಮಾಡಿದರು.

ಈ ಸಾಲು ಓದಿದ ರಾತ್ರಿ ಲೇಖಕ ಹಾಸಿಗೆಯಲ್ಲಿ ಎದ್ದು ಕೂತ. ಅವಳಿ ಮಕ್ಕಳು, ರಾಮ ಲಕ್ಷ್ಮಣ ಎಂದಿಟ್ಟುಕೊಳ್ಳಿ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ರಾಮ ಮಾತ್ರ ಹೋಗಿದ್ದಾನೆ. ‘ಒಂದೇ ಮುಖ, ಒಂದೇ ಟ್ಯೂಷನ್, ಒಂದೇ ಮನೆ ಊಟ, ಮತ್ತೆ ಎರಡು ಉತ್ತರಪತ್ರಿಕೆ ಯಾತಕ್ಕೆ? ಕಾಗದ ದಂಡ’ ಅಂದಿದ್ದಾರೆ ಹೆಡ್‌ಮಾಸ್ಟರು. ರಾಮ ಒಳಗೆ ತ್ರಿಕೋನಮಿತಿಯಲ್ಲಿ ಬೆವರುತ್ತಿದ್ದರೆ ಲಕ್ಷ್ಮಣ ಹೊರಗೆ ಲಗೋರಿ ಜೋಡಿಸುತ್ತಿದ್ದಾನೆ. ರಾಮನಿಗೆ ಫಸ್ಟ್ ಕ್ಲಾಸು. ಆದ್ದರಿಂದ ಲಕ್ಷ್ಮಣನಿಗೂ ಫಸ್ಟ್ ಕ್ಲಾಸು. ಮನೆಯಲ್ಲಿ ಹೋಳಿಗೆ, ಬೀದಿಗೆಲ್ಲ ಪೇಢೆ. ತಾಯಿ ಒಬ್ಬಳು ಒಲೆ ಮುಂದಿನಿಂದಲೇ, ‘ರೀ, ಲಕ್ಷ್ಮಣನಿಗೆ ಮಗ್ಗಿ ಬರುತ್ತಾ ಅಂತ ಒಂದ್ಸಲ ಕೇಳಿ ನೋಡ್ರೀ’ ಅನ್ನುತ್ತಾಳೆ. ತಾಯಿ ಸ್ಟೀರಿಂಗ್ ಕಮಿಟಿಯಲ್ಲಿಲ್ಲ. ಹೆಡ್‌ಮಾಸ್ಟರು ಸರ್ಟಿಫಿಕೇಟಿಗೆ ಸೀಲು ಒತ್ತುತ್ತಾರೆ. ಉಳಿದವರು ಚಪ್ಪಾಳೆ ತಟ್ಟುತ್ತಾರೆ. ಲಕ್ಷ್ಮಣನೂ ತಟ್ಟುತ್ತಾನೆ, ಯಾಕೆಂದು ಅವನಿಗೆ ಗೊತ್ತಿಲ್ಲ. ಮಾರನೆ ದಿನ ಇಬ್ಬರನ್ನೂ ಬ್ಯಾಂಕಿನ ಕೌಂಟರಿನಲ್ಲಿ ಅಕ್ಕಪಕ್ಕ ಕೂರಿಸಿ ಬಾಗಿಲು ತೆರೆಯುತ್ತಾರೆ. ಆಚೆ 52 ಲಕ್ಷ ಗ್ರಾಹಕರು.

2018ರ ಏಪ್ರಿಲ್ 22ರ ಭಾನುವಾರ ಬಾಗಿಲು ತೆರೆಯಿತು. 19 ಲಕ್ಷ ಮಂದಿಗೆ ತಮ್ಮ ಖಾತೆಯೇ ಸಿಗಲಿಲ್ಲ. ಕೆಲವರಿಗೆ ಪರರ ಖಾತೆ ಕಾಣಿಸಿತು. ಅತ್ತ ಸಬಾದೆಲ್ ಮೈಗ್ರೇಷನ್ ಯಶಸ್ವಿ ಎಂದು ಪ್ರಕಟಣೆ ಹೊರಡಿಸಿತ್ತು.

ಇಲ್ಲಿಗೆ ಬಂದಾಗ ಲೇಖಕನ ನಗು ನಿಂತಿತು. ಗೊಂದಲದಲ್ಲಿ ವಂಚಕರು ಕೈಯಾಡಿಸಿದರು; 1,300 ಗ್ರಾಹಕರ ಹಣ ಹೋಯಿತು ಎಂದು ಬ್ಯಾಂಕಿನ ಮುಖ್ಯಸ್ಥರೇ ಸಂಸದರ ಸಮಿತಿಯ ಮುಂದೆ ಹೇಳಿದರು. ದೂರಿನ ಫೋನು ಎತ್ತುವವರಿರಲಿಲ್ಲ. ಸಿಸ್ಟಮು ಸರಿದಾರಿಗೆ ಬರುವಷ್ಟರಲ್ಲಿ ಡಿಸೆಂಬರ್ ಆಯಿತು. ಮುಖ್ಯಸ್ಥರು ಸೆಪ್ಟೆಂಬರಿನಲ್ಲೇ ಕುರ್ಚಿ ಬಿಟ್ಟಿದ್ದರು. 2022ರಲ್ಲಿ ಬ್ಯಾಂಕಿಗೆ 4.865 ಕೋಟಿ ಪೌಂಡ್ ದಂಡ ಬಿತ್ತು; ಮರುವರ್ಷ ಆಗಿನ ಮುಖ್ಯ ಮಾಹಿತಿ ಅಧಿಕಾರಿಗೆ ಖಾಸಾ 81,620 ಪೌಂಡ್. ಸಬಿಸ್ ಸಿದ್ಧವಾಗಿದೆಯೇ ಎಂದು ಅವರು ಸರಿಯಾಗಿ ಖಾತ್ರಿ ಮಾಡಿಕೊಂಡಿರಲಿಲ್ಲವಂತೆ. 85 ಉಪಗುತ್ತಿಗೆದಾರರಲ್ಲಿ ಲಕ್ಷ್ಮಣನ ಮಗ್ಗಿ ಕೇಳುವ ಕೆಲಸ ಯಾರದಾಗಿತ್ತೋ!

ಚೆನ್ನಾಗಿ ಮಾಡಿದವರೂ ಇದ್ದಾರೆ. 2008ರಲ್ಲಿ ಡೇಟಾಬೇಸ್ ಕೆಟ್ಟು ಮೂರು ದಿನ ಡಿವಿಡಿ ಕಳಿಸಲಾಗದೆ ಕೂತ ನೆಟ್‌ಫ್ಲಿಕ್ಸ್, ತನ್ನ ಸ್ಟ್ರೀಮಿಂಗ್ ಸೇವೆಯನ್ನು ಕ್ಲೌಡಿಗೆ ಸಾಗಿಸಿ ಮುಗಿಸಿದ್ದು 2016ರ ಜನವರಿಯಲ್ಲಿ. ಅಮೆಜಾನ್ ತನ್ನ ಸುಮಾರು 7,500 ಒರಾಕಲ್ ಡೇಟಾಬೇಸುಗಳಿಂದ 75 ಪೆಟಾಬೈಟ್ ದತ್ತಾಂಶವನ್ನು ತನ್ನ ಕ್ಲೌಡಿಗೆ ವರ್ಗಾಯಿಸಿಕೊಂಡು 2019ರಲ್ಲಿ ಹಬ್ಬ ಮಾಡಿತು. ನೂರಕ್ಕೂ ಹೆಚ್ಚು ತಂಡಗಳು ದುಡಿದವು. ಹಳೇ ಡೇಟಾಬೇಸಿನಲ್ಲೇ ಪಳಗಿದವರನ್ನು ಕೇಕು ಕೊಟ್ಟು ಕಳಿಸದೆ, ಹೊಸ ಕೆಲಸಕ್ಕೆ ತಯಾರು ಮಾಡಿದರು. ಇಷ್ಟಾದರೂ ಒರಾಕಲ್ಲಿಗೇ ಅಂಟಿಕೊಂಡ ಕೆಲವು ಹೊರಗಿನವರ ಸಾಫ್ಟ್‌ವೇರುಗಳನ್ನು ಮುಟ್ಟದೆ ಹಾಗೇ ಬಿಟ್ಟರು. ಬಿಡುವುದಕ್ಕೂ ತಿಳಿದವರು ಬೇಕು. ಈ ವರದಿಯಲ್ಲಿ ಕೊಲೆಯೇ ಇಲ್ಲದ್ದರಿಂದ ಲೇಖಕನಿಗೆ ಬೇಗ ನಿದ್ದೆ ಬಂತು.

ಬರ್ಮಿಂಗ್‌ಹ್ಯಾಂ ನಗರಪಾಲಿಕೆಯ ವರದಿ ನಿದ್ದೆ ಕೆಡಿಸಿತು. 1999ರಿಂದ ಲೆಕ್ಕಪತ್ರಕ್ಕೆ ಎಸ್‌ಎಪಿ ಸಾಫ್ಟ್‌ವೇರು ಬಳಸುತ್ತಿದ್ದ ಬ್ರಿಟನ್ನಿನ ಈ ಪಾಲಿಕೆ ಒರಾಕಲ್‌ನ ಕ್ಲೌಡಿಗೆ ಹೊರಟಿತು. ‘ಸಾಫ್ಟ್‌ವೇರು ಹೇಗಿದೆಯೋ ಹಾಗೆ ನಾವು ಬದಲಾಗೋಣ, ಅದನ್ನು ಬದಲಾಯಿಸುವುದು ಬೇಡ’ ಎಂಬುದು ಮೊದಲ ಸಂಕಲ್ಪ. ಆಮೇಲೆ ನಮ್ಮಲ್ಲಿ ಪದ್ಧತಿಯೇ ಬೇರೆ ಎಂದು ಒಂದೊಂದಾಗಿ ತಿದ್ದಿಸಿದರು. 2022ರ ಏಪ್ರಿಲ್‌ನಲ್ಲಿ ಚಾಲೂ ಮಾಡಿದಾಗ, ಬ್ಯಾಂಕಿಗೆ ಬಂದ ದುಡ್ಡನ್ನು ಪುಸ್ತಕದ ಲೆಕ್ಕಕ್ಕೆ ತಾಳೆ ಹಾಕುವ ಭಾಗವೇ ಕೈಕೊಟ್ಟಿತು. ತಾಳೆ ನೋಡಲು ಮನುಷ್ಯರನ್ನೇ ಕೂರಿಸಬೇಕಾಯಿತು. ಸುಮಾರು 1.9 ಕೋಟಿ ಪೌಂಡಿನ ಕೆಲಸದ ಅಂದಾಜು 2023ರ ಹೊತ್ತಿಗೆ 10 ಕೋಟಿಯ ಹತ್ತಿರ ಬಂತು. 2023ರ ಸೆಪ್ಟೆಂಬರಿನಲ್ಲಿ ಪಾಲಿಕೆ ದಿವಾಳಿಯ ನೋಟಿಸನ್ನೂ ಹೊರಡಿಸಿತು. ಅದಕ್ಕೆ ಮುಖ್ಯ ಕಾರಣ ಹೆಣ್ಣುಮಕ್ಕಳಿಗೆ ಕೊಡಬೇಕಾಗಿದ್ದ ಸಮಾನ ವೇತನದ ಬಾಕಿ. ಎಲ್ಲವನ್ನೂ ಸಾಫ್ಟ್‌ವೇರಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಒರಾಕಲ್ ಬಲ್ಲವರು ಪಾಲಿಕೆಯಲ್ಲಿ ಸಾಕಷ್ಟು ಇರಲಿಲ್ಲ ಎಂಬುದು ಮಾತ್ರ ಲೆಕ್ಕ ಪರಿಶೋಧಕರ ಮಾತು.

ಪಾಲಿಕೆ ಕೊನೆಗೆ ಇಡೀ ವ್ಯವಸ್ಥೆಯನ್ನು ಮತ್ತೆ ಮೊದಲಿನಿಂದ ಅಳವಡಿಸಿಕೊಳ್ಳಲು ತೀರ್ಮಾನಿಸಿತು. ಸಾಫ್ಟ್‌ವೇರು ಅದೇ ಒರಾಕಲ್. ಈ ಸಲ ಆದಷ್ಟು ಏನೂ ತಿದ್ದದೆ.